ಮೊಳಗಪ್ಪನ ಕೈ

ಮಾರಮ್ಮನ ಗುಡಿಯ ಹೊಸ್ತಿಲು ದಾಟಿದ್ದಕ್ಕೆ ಸಿದ್ದಯ್ಯನ ಬಲಗೈಯನ್ನು ಗುಡಿಯ ಮುಂದಿನ ಕಲ್ಲಿನ ಮೇಲಿಟ್ಟು ಮುರಿದರು. ಮುರಿಯುವ ಮೊದಲು ಅಮ್ಮನಿಗೆ ಹೂ ಕೇಳಿದರು. ಹೂ ಬಲಕ್ಕೆ ಬಿತ್ತು.

ಕುದೂರಿನ ಆಚೆಯ ಆ ಊರಲ್ಲಿ ಏನೇ ಮಾಡಬೇಕಾದರೂ ಹೂ ಕೇಳುತ್ತಾರೆ. ಪೂಜಾರಿ ಎರಡು ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡ ಎಂದು ಅರ್ಥ. ಅವತ್ತು ಪೂಜಾರಿ ಎಡಗಡೆ ಹೂವನ್ನೇ ಇಟ್ಟಿರಲಿಲ್ಲ. ಅಲ್ಲಿದ್ದವರೆಲ್ಲ ನೋಡಿದರು, ಯಾರೂ ಕೇಳಲಿಲ್ಲ.

ಸಿದ್ದಯ್ಯ ಪೂಜೆಗೆ ತಮಟೆ ಬಡಿಯುವವನು. ಅವನ ಅಪ್ಪನೂ ಅದೇ ಅಂಗಳದಲ್ಲಿ ನಿಂತು ಬಡಿದವನು. ಕೇರಿಯವರ ತಮಟೆ ಅಮ್ಮನಿಗೆ ಬೇಕು, ಕೇರಿಯವರ ಕಾಲು ಬೇಡ. ದಿಢೀರನೆ ಮಳೆ ಬಂತು. ನೆನೆದರೆ ಚರ್ಮ ಸಡಿಲವಾಗಿ ಸದ್ದು ಸಾಯುತ್ತದೆ ಎಂದು ಅವನು ತಮಟೆಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಒಳಗಿಟ್ಟ. ಅಷ್ಟೇ.

ಮಾಗಡಿಯ ಆಸ್ಪತ್ರೆಗೆ ಊರಿನ ಯಜಮಾನರು ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಹಿಂದೆ ಪೊಲೀಸಿನವನೊಬ್ಬ. ಹರಕೆ ಇತ್ತು, ಕೈ ನಾನೇ ಕೊಟ್ಟೆ ಅನ್ನಬೇಕು ಎಂದು ಹೇಳಿಕೊಟ್ಟರು. ಒಬ್ಬ ಮಂಚದ ತುದಿಯಲ್ಲಿ ಕೂತು ಮೂಸಂಬಿ ಸುಲಿಯುತ್ತ, "ಅಂದ್ಬುಡ್ಲಾ ಸಿದ್ದ, ನಿಂಗೂ ಪುಣ್ಯ, ನಮ್ಗೂ ನೆಮ್ದಿ" ಅಂದ. ಸಿದ್ದಯ್ಯ ಗೋಡೆ ಕಡೆ ತಿರುಗಿ ಮಲಗಿದ. ಹರಕೆ ಅನ್ನಿಸಲಾಗದೆ ಪೊಲೀಸಿನವನು, ಸಿದ್ದಯ್ಯ ಜಾರಿ ಬಿದ್ದು ಪೆಟ್ಟಾಗಿದೆ ಎಂದು ಬರೆದುಕೊಂಡ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ತಮಟೆ ಗೋಡೆಯ ಗೂಟಕ್ಕೆ ಹೋಯಿತು.

ಅವನ ಮಗಳು ಸಿರಿ ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯ ಮಹಡಿಯೊಂದರಲ್ಲಿ, ದೇವರುಗಳನ್ನು ಹುಟ್ಟಿಸುವ ಕೆಲಸ ಮಾಡುತ್ತಿದ್ದಳು.

ಅದು ಮನೋಹರ್‌ನ ಕಂಪನಿ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಹೊತ್ತು ಗಂಟೆಗಟ್ಟಲೆ ಆಡುವ ಆಟವೊಂದನ್ನು ಅವನು ತಯಾರಿಸುತ್ತಿದ್ದ. ಹೆಸರು 'ಏಳು ಬೆಟ್ಟದ ಲೋಕ'. ಪರದೇಶದ ಆಟಗಳಲ್ಲಿರುವ ಗಡ್ಡದ ದೇವರುಗಳು ಬೇಡ, ನಮ್ಮ ನೆಲದ್ದು ಬೇಕು ಎಂಬುದು ಅವನ ಹಠ. ನೇತ್ರಾ ಚಿತ್ರ ಬರೆಯುತ್ತಿದ್ದಳು, ಸಿರಿ ಕಥೆ. ಚನ್ನಪಟ್ಟಣದಲ್ಲಿ ಇದ್ರೀಸ್ ಸಾಬರು ಆ ದೇವರುಗಳನ್ನು ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿ ಕಳಿಸುತ್ತಿದ್ದರು.

ಸಿರಿ ಲೋಕವನ್ನು ಚೆನ್ನಾಗಿಯೇ ಕಟ್ಟಿದಳು. ಬಂಡೆಗಳನ್ನೆಲ್ಲ ತನ್ನದೆನ್ನುವ ಗುಡ್ಡದಪ್ಪ. ಹುಳ ಬದುಕಿರುವ ಗೂಡನ್ನೇ ಕುದಿಸಿ ಜನರ ಆಯಸ್ಸು ನೂಲುವ ನೂಲವ್ವ. ದಾಳದ ಬದಲು ಹೂ ಕೊಡುವ ಅಮ್ಮ. ಅವಳ ನೆತ್ತಿಯ ಮೇಲೆ ಮರದ ಹೂವಿಟ್ಟು ಮೇಜು ತಟ್ಟಿದರೆ ಅದು ಬಲಕ್ಕೋ ಎಡಕ್ಕೋ ಉರುಳಬೇಕು. ಊರಿನ ಅಮ್ಮ ಎಡಕ್ಕೆ ಕೊಡದಿದ್ದ ಹೂವನ್ನು ಈ ಅಮ್ಮನಾದರೂ ಕೊಡಲಿ ಎಂಬ ಆಸೆ ಅವಳಿಗಿತ್ತು.

ಕೊನೆಯಲ್ಲಿ ಮೊಳಗಪ್ಪನನ್ನು ಬರೆದಳು. ತಮಟೆಯ ದೇವರು. ಉಳಿದ ದೇವರುಗಳು ಸೇರಿ ಅವನ ಕೈ ಮುರಿದಿದ್ದಾರೆ. ಅಂದಿನಿಂದ ಏಳು ಬೆಟ್ಟದಲ್ಲಿ ಯಾರ ಪ್ರಾರ್ಥನೆಯೂ ಯಾವ ದೇವರ ಕಿವಿಗೂ ಬೀಳುವುದಿಲ್ಲ. ಮುರಿದವರು ಯಾರೆಂದು ಆಟಗಾರರು ಹುಡುಕಬೇಕು, ಅವರಿಂದ ತಪ್ಪೊಪ್ಪಿಸಬೇಕು.

ಇದು ಎಲ್ಲಿಂದ ಬಂತು ಎಂದು ಮನೋಹರ್ ಊಟದ ಹೊತ್ತಿನಲ್ಲಿ ಕೇಳಿದ. ಸಿರಿ ಅಪ್ಪನ ಕಥೆ ಹೇಳಿದಳು. ಅವನು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದ, ಕಣ್ಣು ಒದ್ದೆ ಮಾಡಿಕೊಂಡ. ಮಾರನೆಯ ದಿನ ಕಥೆಯನ್ನು ತಿದ್ದಿಸಿದ.

"ಸಂಜೆ ಹೊತ್ತು ಮಜಾ ಮಾಡಕ್ಕೆ ಕೂತೋರು ತಪ್ಪೊಪ್ಪಿಕೊಳ್ತಾ ಕೂರ್ತಾರಾ ಸಿರಿ? ಕೊಡೋ ದೇವ್ರು ಬೇಕು, ಕೇಳೋ ದೇವ್ರಲ್ಲ."

ಹೊಸ ಮೊಳಗಪ್ಪ ಎಲ್ಲ ದೇವರುಗಳ ಕೆಳಗೆ, ಅಂಗಳದಲ್ಲಿ ನಿಲ್ಲುತ್ತಾನೆ. ಲೋಕಕ್ಕೆ ಕಷ್ಟ ಬಂದಾಗೆಲ್ಲ ತಾನಾಗಿಯೇ ಕೈ ಚಾಚುತ್ತಾನೆ. ಆಟಗಾರರು ಹೂ ಕೇಳಬೇಕು, ಬಲಕ್ಕೆ ಬಿದ್ದರೆ ಮುರಿಯಬೇಕು. ಮುರಿದವರಿಗೆ ವರ. ಮುರಿಸಿಕೊಂಡ ದೇವರು ಹರಸುತ್ತಾನೆ.

ಆಗಲ್ಲ ಎಂದಳು ಸಿರಿ. ಮನೋಹರ್ ಗದರಲಿಲ್ಲ. ಇದು ಕಲ್ಪನೆಯ ಲೋಕ, ಇಲ್ಲಿ ನಿಮ್ಮಪ್ಪನೂ ಇಲ್ಲ, ನಿಮ್ಮೂರೂ ಇಲ್ಲ ಎಂದು ಸಮಾಧಾನ ಹೇಳಿದ. ನೀನೇ ಬರೆದರೆ ನಿಜ ಅನ್ನಿಸುತ್ತದೆ ಎಂದೂ ಹೇಳಿದ. ಒಪ್ಪದಿದ್ದರೆ ನೇತ್ರಾ ಬರೆಯುತ್ತಾಳೆ, ಆಟದ ಡಬ್ಬಿಯ ಮೇಲೆ ಬರುವ ಹೆಸರೂ ಅವಳದೇ ಎಂದ. ನೇತ್ರಾಳ ಕೈಗೆ ಸಿಕ್ಕರೆ ಮೊಳಗಪ್ಪ ನಗೆಪಾಟಲಾಗುತ್ತಾನೆ ಎಂದು ಸಿರಿ ತನಗೆ ತಾನೇ ಹೇಳಿಕೊಂಡಳು. ಬರೆದುಕೊಟ್ಟಳು. ಕೈ ಮುರಿದಾಗ ಆಟಗಾರರು ಓದಬೇಕಾದ, ಮೊಳಗಪ್ಪ ಹರಸುವ ಮಾತಿನ ಕಾರ್ಡನ್ನೂ ಅವಳೇ ಬರೆದಳು.

ಗೊಂಬೆ ತರಲು ಚನ್ನಪಟ್ಟಣಕ್ಕೆ ಹೋದಾಗ ಇದ್ರೀಸ್ ಸಾಬರು ಮೊಳಗಪ್ಪನನ್ನು ಅವಳ ಅಂಗೈ ಮೇಲಿಟ್ಟರು. ಬಲಗೈಯನ್ನು ಬೇರೆಯಾಗಿ ಕಡೆದು ಸಣ್ಣ ಬೆಣೆಯಿಂದ ಕೂರಿಸಿದ್ದರು. ಎಳೆದರೆ ಟಕ್ ಎಂದು ಕಿತ್ತು ಬರುತ್ತಿತ್ತು, ಒತ್ತಿದರೆ ಕೂರುತ್ತಿತ್ತು. ಆ ಸದ್ದು ಚೆನ್ನಾಗಿ ಬರಲೇಬೇಕು ಎಂದು ಮನೋಹರ್ ಅವರಿಂದ ಮತ್ತೆ ಮತ್ತೆ ಕಡೆಸಿದ್ದನಂತೆ.

"ಅಮ್ಮನ ತಲೇನೂ ಬಲಗಡೆ ಒಸಿ ತರ್ದಿದೀನಿ ಕಣಮ್ಮ," ಎಂದರು ಸಾಬರು, ಬೇರೆಲ್ಲೋ ನೋಡುತ್ತ. "ಹೂ ಬಲಕ್ಕೇ ಬೀಳ್ಬೇಕು ಅಂದ್ರು ಸಾರು. ಎಡಕ್ಕೆ ಬಿದ್ರೆ ಆಟ ನಿಂತೋಯ್ತದಂತೆ."

ಸಿರಿ ಮರದ ಅಮ್ಮನನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ತಟ್ಟಿದಳು. ಬಲಕ್ಕೆ. ಇನ್ನೊಮ್ಮೆ ತಟ್ಟಿದಳು. ಬಲಕ್ಕೆ.

ಮೊದಲ ಆಟ ನೋಡಲು ಸಿದ್ದಯ್ಯನೇ ಬರಬೇಕೆಂದು ಮನೋಹರ್ ಹೇಳಿ ಕಳಿಸಿದ. ಸಿರಿ ಬೇಡವೆನ್ನಬಹುದಿತ್ತು. ಆದರೆ ಅಪ್ಪ ಆಗಲೇ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ನನ್ನ ಕೈಯಿಂದ ನನ್ನ ಮಗಳು ಒಂದು ದೇವರು ಮಾಡವಳೆ ಎಂದು. ಕಥೆ ತಿದ್ದಿದ್ದು ಅವನಿಗೆ ಗೊತ್ತಿರಲಿಲ್ಲ, ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಸಿದ್ದಯ್ಯ ಕುದೂರು ಬಸ್ಸಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದ. ಅಂಗಿಯ ಬಲ ತೋಳು ಮಾತ್ರ ಸೊಟ್ಟ ಮಣಿಕಟ್ಟಿನ ಮೇಲೆ ಸುಕ್ಕಾಗಿತ್ತು.

ಆಡಲು ಕೂತವರಲ್ಲಿ ವೀರೇಂದ್ರ ಗುಡ್ಡದಪ್ಪನಾಗಿದ್ದ, ಹಾರ್ಡ್‌ವೇರ್ ಅಂಗಡಿಯವರ ಮಗ. ಹೂ ಕೇಳಿದ, ಬಲಕ್ಕೆ ಬಿತ್ತು. ಮೊಳಗಪ್ಪನ ಕೈ ಎಳೆದ. ಟಕ್. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈಯನ್ನು ಮತ್ತೆ ಸಿಕ್ಕಿಸಿ ಪಕ್ಕದವಳಿಗೆ ದಾಟಿಸಿದ. ಟಕ್. ನೂಲವ್ವನಾಗಿದ್ದ ನೇತ್ರಾ ಸದ್ದಿಗೆ ನಕ್ಕು, ಒನ್ಸ್ ಮೋರ್ ಎಂದು ತನ್ನ ಸರದಿ ಮುಗಿದ ಮೇಲೂ ಎಳೆದಳು.

ಸಿದ್ದಯ್ಯ ಕುರ್ಚಿಯ ತುದಿಯಲ್ಲಿ ಕೂತು ನೋಡಿದ. "ಮತ್ತೆ ಕೂತ್ಕತದಲ್ಲ, ಪುಣ್ಯವಂತ ದೇವ್ರು" ಅಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಮನೋಹರ್ ಫೋನ್ ಎತ್ತಿ ಹಿಡಿದು ಎದುರಿಗೆ ಬಂದು ನಿಂತ. ಮೊಳಗಪ್ಪನನ್ನು ಸಿದ್ದಯ್ಯನ ಎಡಗೈಯಲ್ಲಿಟ್ಟು, ಕಿತ್ತ ಕೈಯನ್ನು ಮೇಜಿನ ಮೇಲಿಟ್ಟ.

"ಯಜಮಾನ್ರೇ, ಈ ಕಾರ್ಡಲ್ಲಿರೋದನ್ನ ನಿಮ್ಮ ಬಾಯಲ್ಲಿ ಒಂದ್ಸಲ ಹೇಳ್ಬಿಡಿ. ವಿಡಿಯೋಗೆ. ನೀವಂದ್ರೆ ಬೇರೇನೇ ತೂಕ."

ಸಿದ್ದಯ್ಯನಿಗೆ ಓದು ಬಾರದು. ಕಾರ್ಡನ್ನು ಮಗಳ ಕಡೆ ಚಾಚಿದ. ಸಿರಿ ಕಾರ್ಡು ನೋಡದೆಯೇ ಓದಿದಳು.

"ಕೈ ನಾನೇ ಕೊಟ್ಟೆ. ನಿಮಗೆ ಒಳ್ಳೇದಾಗಲಿ."

ಸಿದ್ದಯ್ಯ ಅವಳ ಮುಖವನ್ನೇ ನೋಡಿದ.

"ಇದ ಬರ್ದೋರ್ಯಾರವ್ವ?"

"ನಾನೇ ಅಪ್ಪ."

ಅವನು ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ನಿಲ್ಲಲಾಗುತ್ತಿತ್ತು. ಮನೋಹರ್ ಫೋನಿನ ಹಿಂದಿನಿಂದಲೇ, ಆಟ ಅಷ್ಟೇ ಯಜಮಾನ್ರೇ, ಯಾರಿಗೂ ಏನೂ ಆಗಲ್ಲ, ಒಂದೇ ಮಾತು ಎಂದು ನಗುನಗುತ್ತ ಒತ್ತಾಯಿಸಿದ. ವೀರೇಂದ್ರನೂ ದನಿಗೂಡಿಸಿದ. ಹೇಳಿ ಅಣ್ಣ, ಹೇಳಿ ಎಂದು ಮೇಜು ತಟ್ಟಿದ. ತಟ್ಟಿದ ರಭಸಕ್ಕೆ ಅಮ್ಮನ ತಲೆಯ ಮೇಲಿದ್ದ ಹೂ ಬಲಕ್ಕೆ ಉರುಳಿತು.

ಸಿದ್ದಯ್ಯ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿದ.

"ಆಸ್ಪತ್ರೇಲೂ ಇದ್ನೇ ಅನ್ನು ಅಂದ್ರು. ನೋವಿಗೆ ಜೀವ ಹೋಯ್ತಿತ್ತು, ಆಗ್ಲೂ ಅನ್ಲಿಲ್ಲ. ನಿಮ್ಮಾಟಕ್ಕೂ ಅನ್ನಕ್ಕಿಲ್ಲ."

"ಒಂದೇ ಒಂದ್ಸಲ," ಎಂದ ಮನೋಹರ್, ಫೋನ್ ಇಳಿಸದೆ.

"ಅನ್ನಕ್ಕಿಲ್ಲ."