ಇಲವಾಲದ್ದು ಹೋಯ್ತಾ?

ಮೇಟಗಳ್ಳಿಯ ಆ ಸಣ್ಣ ಕಾರ್ಖಾನೆಯಲ್ಲಿ ಶಿಲ್ಪಶ್ರೀಯ ಕೆಲಸವೆಂದರೆ ಗುಂಡಿಗಳಿಗೆ ಹೆಸರು ಬರೆಯುವುದು. ಯಂತ್ರಗಳಿಗೆ ಬೇಕಾದ ಸ್ವಿಚ್ಚಿನ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆ ಅದು. ‘ಆನ್’, ‘ಆಫ್’, ‘ಅಪಾಯ’, ‘ಮುಟ್ಟಬೇಡಿ’ ಇಂಥ ಲೇಬಲ್ಲುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಅಚ್ಚಿಗೆ ಕೊಟ್ಟರೆ ಅವಳ ದಿನ ಮುಗಿಯಿತು. ಪಿಯುಸಿ ಆದಮೇಲೆ ಕಂಪ್ಯೂಟರನ್ನು ತಾನೇ ತಡಕಾಡಿ ಕಲಿತವಳು. ‘ಮುಟ್ಟಬೇಡಿ’ ಎಂದು ಬರೆದೂ ಬರೆದೂ ಅವಳಿಗೆ ಬೇಜಾರು ಹತ್ತಿತ್ತು. ಜನ ಮುಟ್ಟುವಂಥದ್ದೇನಾದರೂ ಒಂದನ್ನು ಮಾಡಬೇಕು ಎಂಬ ಆಸೆ ಒಳಗೇ ಕುದಿಯುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಅಂಥದ್ದೊಂದು ಬಂದೇ ಬಿಟ್ಟಿತು. ಗೋಕುಲಂ ಕಡೆಯ ಒಂದು ಮಹಿಳಾ ಸಮಾಜದವರು ಸಿಟಿ ಬಸ್ ಸ್ಟ್ಯಾಂಡಿಗೆ ಪರದೆ ಮುಟ್ಟಿದರೆ ಪ್ರಯಾಣಿಕರಿಗೆ ಉತ್ತರ ತೋರಿಸುವ ಯಂತ್ರವೊಂದನ್ನು ದಾನ ಕೊಡಲು ಹೊರಟಿದ್ದರು. ಅದನ್ನು ಮಾಡಿಕೊಡುವ ಕೆಲಸವನ್ನು ಕಾರ್ಖಾನೆಯ ಯಜಮಾನರಾದ ಸಿದ್ದಲಿಂಗಸ್ವಾಮಿಯವರು ಒಪ್ಪಿಕೊಂಡು ಬಂದರು. ಪ್ರೋಗ್ರಾಂ ಬರೆಯಲು ಅಮರೇಶ್ ಇದ್ದ. ಪರದೆ ಬಿಡಿಸುವವರು ಯಾರು?

“ನೀನೇ ಬಿಡ್ಸಮ್ಮ,” ಎಂದರು ಸಿದ್ದಲಿಂಗಸ್ವಾಮಿ. “ಆದ್ರೆ ಒಂದ್ ಮಾತು. ಸಮಾಜದ ಅಧ್ಯಕ್ಷೆ ಗಿರಿಜಾಂಬಾ ಮೇಡಂ ಯಂತ್ರ ಕೂರ್ಸಿ ಒಂದ್ ತಿಂಗಳಿಗೆ ಬಂದು ನೋಡ್ತಾರೆ. ಜನ ಮುಟ್ಟುತಾ ಇದ್ರೆ ಅಲ್ಲೇ ಇರುತ್ತೆ, ನೀನೂ ಇನ್ಮುಂದೆ ಪರದೆ ಕೆಲ್ಸಾನೇ ಮಾಡು. ಮುಟ್ಟಲಿಲ್ಲ ಅಂದ್ರೆ ಅದು ವಾಪಸ್ ಬರುತ್ತೆ, ನೀನು ವಾಪಸ್ ಲೇಬಲ್ಲಿಗೆ.”

ಶಿಲ್ಪಶ್ರೀಗೆ ಅವತ್ತು ಊಟವೇ ಸೇರಲಿಲ್ಲ. ಖುಷಿಗೆ.

ಮೊದಲು ಅವಳು ಹೋಗಿ ಕೇಳಿದ್ದು ಶಾಮಣ್ಣನನ್ನು. ಬಸ್ ಸ್ಟ್ಯಾಂಡಿನ ಕಿಟಕಿಯೊಳಗೆ ಕೂತು, ಬಂದು ಹೋಗುವ ಬಸ್ಸುಗಳ ಲೆಕ್ಕ ಇಡುವ ಕಂಟ್ರೋಲರ್ ಆತ. ಬೆಳಗಿಂದ ಸಂಜೆವರೆಗೆ ಜನಕ್ಕೆ ಉತ್ತರ ಹೇಳಿ ಹೇಳಿ ಗಂಟಲು ಒಡೆದ ತಮಟೆಯಂತಾಗಿತ್ತು.

“ಜನಕ್ಕೆ ಏನ್ ಬೇಕು ಶಾಮಣ್ಣೋರೇ?”

“ಟೈಂ ಟೇಬಲ್ಲು ಕಣಮ್ಮ. ಇನ್ನೇನು? ರೂಟ್ ನಂಬರ್ ಹಾಕಿ, ಟೈಂ ಹಾಕ್ಬುಡಿ. ನನ್ನ ಪ್ರಾಣ ಉಳೀತದೆ.”

ಸಾಲಿನಲ್ಲಿ ನಿಂತವರನ್ನು ಕೇಳಿದಳು. ಅವರೂ “ಟೈಂ ಗೊತ್ತಾದ್ರೆ ಒಳ್ಳೇದು” ಎಂದರು. ಸರಿ, ಅವಳು ಅಂದವಾದ ಟೈಂ ಟೇಬಲ್ಲನ್ನೇ ಬಿಡಿಸಿದಳು. ರೂಟ್ ನಂಬರ್ ಒತ್ತಬೇಕು, ‘ಮುಂದೆ’ ಒತ್ತಬೇಕು, ಸಾಲು ಸಾಲಾಗಿ ಸಮಯ ಬರುತ್ತದೆ. ಮೂಲೆಯಲ್ಲಿ ಒಂದು ಪುಟ್ಟ ಕೆಂಪು ಬಸ್ಸು ಬೇರೆ.

ಯಂತ್ರ ಕೂರಿಸಿದ ದಿನ ಅವಳು ಪಕ್ಕದಲ್ಲೇ ನಿಂತು ಎಲ್ಲರನ್ನೂ ಕೇಳಿದ್ದೇ ಕೇಳಿದ್ದು.

“ಹೇಗಿದೆ ಅಮ್ಮ?”

“ಚೆನ್ನಾಗಿದೆ ಕಣಮ್ಮ.”

“ಹೇಗಿದೆ ಸಾರ್?”

“ಚೆನ್ನಾಗ್ ಮಾಡಿದ್ದೀರಾ.”

ಎಲ್ಲರೂ ಚೆನ್ನಾಗಿದೆ ಎಂದರು. ಇಲವಾಲದಿಂದ ಸೊಪ್ಪು ಮಾರಲು ಬರುವ ಸಾಕಮ್ಮ ಖಾಲಿ ಬುಟ್ಟಿ ಇಳಿಸಿ, ಪರದೆಯನ್ನು ಕಣ್ತುಂಬ ನೋಡಿ, “ದೇವರ ಫೋಟೋ ಥರ ಲಕಲಕಾ ಅಂತದೆ ಕಣವ್ವ” ಎಂದಳು; ಕೈಮುಗಿಯುವುದೊಂದು ಬಾಕಿ. ಆಮೇಲೆ ಬುಟ್ಟಿ ಎತ್ತಿಕೊಂಡು ಯಂತ್ರವನ್ನು ಮುಟ್ಟದೆ ಸುತ್ತುಹಾಕಿ ನೇರ ಶಾಮಣ್ಣನ ಕಿಟಕಿಗೆ ಹೋಗಿ, “ಇಲವಾಲದ್ದು ಓಯ್ತಾ?” ಎಂದಳು.

ಹಾಗೆಯೇ ಮಿಕ್ಕವರೂ. ಹೊಗಳುವುದು ಯಂತ್ರವನ್ನು, ಕೇಳುವುದು ಶಾಮಣ್ಣನನ್ನು.

“ನಿಮ್ ಯಂತ್ರಕ್ಕೆ ಒಂದ್ ಹೂವಿನ ಹಾರ ಹಾಕ್ಬುಡಿ, ಪೂಜೆಗಾದ್ರೂ ಬತ್ತದೆ,” ಎಂದು ಕಿಟಕಿಯೊಳಗಿಂದ ಶಾಮಣ್ಣ ಛೇಡಿಸಿದ.

ಶಿಲ್ಪಶ್ರೀಯ ಮುಖ ಸಣ್ಣದಾಯಿತು. ಮನೆಗೆ ಬಂದ ನೆಂಟರನ್ನು ‘ಸಾರು ಹೇಗಿದೆ’ ಎಂದು ಕೇಳಿದರೆ ಯಾರಾದರೂ ‘ಉಪ್ಪು ಕಮ್ಮಿ’ ಎನ್ನುತ್ತಾರೆಯೇ? ಎಷ್ಟು ಬಡಿಸಿಕೊಂಡರು ಎಂದು ನೋಡಬೇಕು, ಅಷ್ಟೆ. ತಾನು ಇಷ್ಟೂ ಹೊತ್ತು ಸಾರಿನ ಬಗ್ಗೆ ಕೇಳುತ್ತ ನಿಂತಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

ಮಾರನೆಯ ದಿನದಿಂದ ಅವಳು ಕೇಳುವುದನ್ನು ನಿಲ್ಲಿಸಿದಳು. ಶಾಮಣ್ಣನ ಕಿಟಕಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ಪೊಟ್ಟಣ ಹಿಡಿದು ಕೂತಳು, ಬಸ್ಸಿಗೆ ಕಾಯುವವಳ ಹಾಗೆ. ಕಿವಿ ಮಾತ್ರ ಕಿಟಕಿಯ ಕಡೆಗೆ.

“ಮೇಟಗಳ್ಳಿದು ಹೋಯ್ತಾ?”

“ಗೋಕುಲಂ ಬಸ್ ಹೋಯ್ತೇನ್ರೀ?”

“ಅಣ್ಣಾ, ಇಲವಾಲದ್ದು ಹೋಗ್ಬುಟ್ಟದಾ, ಇನ್ನೂ ಬರ್ಬೇಕಾ?”

ಹೋಯ್ತಾ, ಹೋಯ್ತಾ, ಹೋಯ್ತಾ! ಒಬ್ಬರಾದರೂ ‘ಎಷ್ಟು ಗಂಟೆಗೆ’ ಎನ್ನಬೇಕಲ್ಲ? ರೂಟ್ ನಂಬರಿನ ಸುದ್ದಿಯೇ ಇಲ್ಲ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಡಲೆಕಾಯಿ ಸಿಪ್ಪೆಯನ್ನೆಲ್ಲ ಲಂಗಕ್ಕೆ ಚೆಲ್ಲಿಕೊಂಡು ಎದ್ದು ಫೋನ್ ಬೂತಿಗೆ ಓಡಿದಳು.

“ಅಮರೇಶ್, ಯಾರಿಗೂ ಟೈಂ ಬೇಡ ಕಣ್ರೀ! ಬಸ್ಸು ಹೋಯ್ತಾ ಇಲ್ವಾ, ಅಷ್ಟೇ ಬೇಕು!”

“ರೀ ಶಿಲ್ಪಾ, ಟೈಂ ಇದ್ರೆ ಅವ್ರೇ ಗಡಿಯಾರ ನೋಡ್ಕೊಂಡು ತಿಳ್ಕೋತಾರಪ್ಪ.”

“ಬಸ್ಸು ಗಡಿಯಾರ ನೋಡ್ಕೊಂಡು ಹೋಗುತ್ತಾ?”

ಆ ಕಡೆಯಿಂದ ನಿಟ್ಟುಸಿರು. “ಹೋಯ್ತು ಅಂತ ಯಂತ್ರಕ್ಕೆ ಹೇಳೋರ್ ಯಾರು?”

ಅದಕ್ಕೆ ಉತ್ತರ ಅವರ ಕಾರ್ಖಾನೆಯಲ್ಲೇ ಇತ್ತು. ಬಸ್ಸು ಹೊರಡುವ ಮುಂಚೆ ಕಂಡಕ್ಟರ್ ಶಾಮಣ್ಣನ ಬಳಿ ಬಂದು ಬರೆಸಿಕೊಂಡೇ ಹೋಗಬೇಕು. ಆಗ ಶಾಮಣ್ಣ ಒಂದು ಗುಂಡಿ ಒತ್ತಿದರಾಯಿತು. ಊರಿಗೊಂದು ಗುಂಡಿಯಿರುವ ಪೆಟ್ಟಿಗೆ ಮಾಡಿ, ಅದಕ್ಕೆ ಲೇಬಲ್ಲು ಬರೆದವಳೂ ಶಿಲ್ಪಶ್ರೀಯೇ.

“ಇದೊಂದ್ ಬಾಕಿ ಇತ್ತು ನಂಗೆ,” ಎಂದು ಶಾಮಣ್ಣ ಮೂಗು ಮುರಿದ.

“ಒಂದ್ಸಲ ಒತ್ತಿದ್ರೆ ನೂರ್ ಸಲ ಕೂಗೋದು ತಪ್ಪುತ್ತೆ ಶಾಮಣ್ಣೋರೇ.”

“ಮೊದಲೇ ಹಂಗ್ ಹೇಳ್ಬಾರ್ದಾ?” ಎಂದು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಹೊಸ ಪರದೆಯಲ್ಲಿ ಬರೀ ಊರುಗಳು, ದೊಡ್ಡ ದೊಡ್ಡ ಅಕ್ಷರದಲ್ಲಿ. ಮುಟ್ಟಿದರೆ ಹಸಿರಿನಲ್ಲಿ ‘ಬರಬೇಕು’; ಶಾಮಣ್ಣ ಗುಂಡಿ ಒತ್ತಿದ್ದರೆ ಒಂದಷ್ಟು ಹೊತ್ತು ಕೆಂಪಿನಲ್ಲಿ ‘ಹೋಯ್ತು’. ಇದಕ್ಕಿಂತ ಸರಳ ಇನ್ನೇನಿದೆ ಎಂದು ಅವಳು ಬೀಗಿದಳು. ಬೆಳಿಗ್ಗೆ ಒಂದಷ್ಟು ಜನ ಮುಟ್ಟಿದರು ಕೂಡ. ಆದರೆ ‘ಹೋಯ್ತು’ ಎಂದು ಬಂದವರೆಲ್ಲ ಏಟು ತಿಂದವರ ಹಾಗೆ ಹಿಂದೆ ಸರಿದು, ಮತ್ತೆ ಶಾಮಣ್ಣನ ಕಿಟಕಿಗೇ ಹೋಗತೊಡಗಿದರು. ಇವಳಿಗೆ ತಲೆಬುಡ ತಿಳಿಯಲಿಲ್ಲ.

ಮಧ್ಯಾಹ್ನ ಸಾಕಮ್ಮ ಬಂದಳು. ಶಿಲ್ಪಶ್ರೀಯನ್ನು ಕಂಡು ಬುಟ್ಟಿ ಇಳಿಸಿ, ಅವಳು ತೋರಿಸಿದ ಇಲವಾಲದ ಮೇಲೆ ಬೆರಳಿಟ್ಟಳು. ಆಕೆಗೆ ಓದಲು ಬಾರದು. “ಏನಂತದೆ ಮಗಾ?”

“ಹೋಯ್ತು ಅಂತಿದೆ ಸಾಕಮ್ಮ.”

“ಅಯ್ ಶಿವನೇ! ಬುಡ್ತು ಅನ್ನು, ಬುಡ್ತು ಅನ್ನು!” ಸಾಕಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಇಷ್ಟ್ ದಪ್ಪಕ್ಕೆ, ಕೆಂಪಗೆ, ಓಯ್ತು ಅಂತ ಮಕಕ್ಕೆ ಒಡ್ದಂಗೆ ಬರ್ದೀಯಲ್ಲ, ಯಾರ್ ಮನೇಲಿ ಯಾರ್ ಓಗ್ಬುಟ್ರು? ಮನೆಯಿಂದ ಒರಡೋವಾಗ ಓಯ್ತೀನಿ ಅಂತೀಯಾ ನೀನು? ಬತ್ತೀನಿ ಅನ್ನಾಕಿಲ್ವಾ?”

“ಬುಡ್ತು, ಬುಡ್ತು,” ಎಂದಳು ಶಿಲ್ಪಶ್ರೀ ಗಾಬರಿಯಿಂದ. ಹೇಳುತ್ತಿದ್ದಂತೆಯೇ ಏನೋ ಹೊಳೆದು ಕಿಟಕಿಯ ಕಡೆ ತಿರುಗಿದಳು. ಶಾಮಣ್ಣ ಯಾರಿಗೋ ಕೂಗುತ್ತಿದ್ದ: “ಈಗ್ ತಾನೇ ಹೋಯ್ತು ಕಣಪ್ಪ, ಇನ್ನೊಂದ್ ಬತ್ತದೆ, ಕೂತ್ಕೋ!” ಇನ್ನೊಬ್ಬಳಿಗೆ: “ಹೋಯ್ತು ಕಣಮ್ಮ, ಇನ್ನೊಂದ್ ಬತ್ತದೆ!”

ಇಷ್ಟು ದಿನ ಕೂತು ಕೇಳಿದ್ದಳಲ್ಲ! ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಿದ್ದಳು, ಉತ್ತರವನ್ನು ಅರ್ಧಕ್ಕೇ ಬಿಟ್ಟಿದ್ದಳು. ಶಾಮಣ್ಣ ಎಷ್ಟು ಸಿಡುಕಿದರೂ ‘ಹೋಯ್ತು’ ಎಂಬ ಮಾತನ್ನು ಒಂಟಿಯಾಗಿ ಬಿಟ್ಟವನಲ್ಲ. ಅದರ ಬೆನ್ನಿಗೆ ‘ಬತ್ತದೆ’ ಇದ್ದೇ ಇರುತ್ತಿತ್ತು. ಅವನಿಗೇ ಅದು ಗೊತ್ತಿರಲಿಲ್ಲ. ಅವಳು ಹೋಗಿ ಹೇಳಿದಾಗ, “ನಾನಾ? ಹಂಗಂತೀನಾ?” ಎಂದು ಕಣ್ಣು ಬಿಟ್ಟ.

“ಸಾಕಮ್ಮ, ಒಂದ್ ಮುತ್ತು ಕೊಟ್ಬಿಡ್ಲಾ ನಿಮಗೆ?” ಎಂದು ಶಿಲ್ಪಶ್ರೀ ಆಕೆಯ ಕೈ ಹಿಡಿದು ಕುಣಿದೇಬಿಟ್ಟಳು.

“ಈ ಮಗೀಗೆ ಬಿಸ್ಲು ಬಡ್ದದೆ,” ಎಂದಳು ಸಾಕಮ್ಮ, ಸುತ್ತಲಿನವರಿಗೆ ಸಮಾಧಾನ ಹೇಳುವವಳಂತೆ.

ಈಗ ಎರಡು ವಿಷಯ ಗೊತ್ತಾದವು. ಹೋಯ್ತು ಎಂದರೆ ಸಾಲದು, ಇನ್ನೊಂದು ಬರುತ್ತದೆ ಎನ್ನಬೇಕು. ಮತ್ತೆ, ಬರೆದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ದನಿ ಯಾರದು ಎಂದು ಯೋಚಿಸುವುದೇ ಬೇಡ. ಅಮರೇಶ್ ಮೈಕು ಹಿಡಿದು ಬಂದ. ಶಾಮಣ್ಣ ತಲೆ ಬಾಚಿ, ಗಂಟಲು ಸರಿಮಾಡಿಕೊಂಡು, ನೆಟ್ಟಗೆ ಕೂತು ಶುರು ಮಾಡಿದ: “ಮಾನ್ಯ ಪ್ರಯಾಣಿಕ ಬಂಧುಗಳೇ, ತಾವು ನಿರೀಕ್ಷಿಸುತ್ತಿರುವ ವಾಹನವು ಈಗಾಗಲೇ ನಿರ್ಗಮಿಸಿದ್ದು...”

“ಇದ್ಯಾರ್ರೀ ಇದು?” ಎಂದ ಅಮರೇಶ್.

ಎಷ್ಟು ಹೇಳಿದರೂ ಮೈಕು ಕಂಡೊಡನೆ ಶಾಮಣ್ಣ ಭಾಷಣಕ್ಕೇ ಇಳಿಯುತ್ತಿದ್ದ. ಕೊನೆಗೆ ಶಿಲ್ಪಶ್ರೀ “ಆಯ್ತು, ಮುಗೀತು” ಎಂದು ಸುಳ್ಳು ಹೇಳಿ, ಮೈಕನ್ನು ಕಿಟಕಿಯ ಬಾಗಿಲ ಹಿಂದೆ ಇಳಿಬಿಟ್ಟಳು. ಅರ್ಧ ಗಂಟೆಯಲ್ಲಿ ಊರಿಗೊಂದು ಥರದ ಅಸಲಿ ಶಾಮಣ್ಣ ಸಿಕ್ಕ.

ಯಂತ್ರ ಮಾತಾಡಿದ ದಿನ ಬಸ್ ಸ್ಟ್ಯಾಂಡಿನಲ್ಲಿ ನೋಡಬೇಕಿತ್ತು! ಮುಟ್ಟಿದ ಮೊದಲನೆಯವನು ಮೇಟಗಳ್ಳಿಯ ಕಡೆ ಕೆಲಸಕ್ಕೆ ಹೋಗುವ ಮಂಟಯ್ಯ. “ಈಗ್ ತಾನೇ ಹೋಯ್ತು ಕಣಪ್ಪ, ಇನ್ನೊಂದ್ ಬತ್ತದೆ, ಕೂತ್ಕೋ!” ಎಂದಿತು ಪೆಟ್ಟಿಗೆ. ಮಂಟಯ್ಯ ಹೌಹಾರಿ, ಕಿಟಕಿಯೊಳಗೆ ಬಾಯಿ ಮುಚ್ಚಿಕೊಂಡು ಕೂತಿದ್ದ ಶಾಮಣ್ಣನನ್ನು ನೋಡಿ, ಮತ್ತೆ ಪೆಟ್ಟಿಗೆ ನೋಡಿ, “ಆಯ್ತು ಬುಡಣ್ಣ, ಕೂತ್ಕೋತೀನಿ,” ಎಂದು ಪೆಟ್ಟಿಗೆಗೇ ಉತ್ತರ ಕೊಟ್ಟ. ಎಲ್ಲರೂ ಹೋ ಎಂದು ನಕ್ಕರು. ಆಮೇಲೆ ಬೆರಳುಗಳೋ ಬೆರಳುಗಳು. ಹೋಗಬೇಕಾದ ಊರು ಯಾವುದೇ ಇರಲಿ, ಅಕ್ಕಪಕ್ಕದ ಎರಡು ಊರನ್ನೂ ಮುಟ್ಟಿ ಕೇಳಿಯೇ ಹೋಗುವವರು.

ಅದೇ ಗಲಾಟೆಯ ನಡುವೆ, ಹೇಳಿದ್ದ ತಿಂಗಳಿಗೆ ಸರಿಯಾಗಿ, ಗಿರಿಜಾಂಬಾ ಬಂದರು. ಜರಿಯಂಚಿನ ಸೀರೆ, ಕೊಡೆ, ಚುರುಕು ಕಣ್ಣು. ಬಗಲಲ್ಲಿ ಸಿದ್ದಲಿಂಗಸ್ವಾಮಿ, ಕೈ ಕಟ್ಟಿಕೊಂಡು. ಆಕೆ ಜನರ ಹಿಂದೆ ನಿಂತು ನೋಡಿದರು, ಕೇಳಿದರು, ತಾವೂ ಗೋಕುಲಂ ಮುಟ್ಟಿದರು. “ಹೋಯ್ತು ಕಣಮ್ಮ, ಇನ್ನೊಂದ್ ಬತ್ತದೆ!” ಆಕೆಯ ತುಟಿ ಅರಳಿತು.

“ಚೆನ್ನಾಗಿದೆ,” ಎಂದರು ಗಿರಿಜಾಂಬಾ. ಆ ಮಾತು ಕೇಳಿ ಶಿಲ್ಪಶ್ರೀಗೆ ಸಾರು ಹೊಗಳುವ ನೆಂಟರ ನೆನಪಾಯಿತು. ಅಷ್ಟರಲ್ಲಿ ಆಕೆ ಮುಂದುವರಿದರು: “ಕೊನೇ ಬಸ್ಸು ಹೋದ್ಮೇಲೆ ಏನನ್ನುತ್ತೆ?”

ಅಮರೇಶ್ ಚಾವಣಿ ನೋಡಿದ. ಸಿದ್ದಲಿಂಗಸ್ವಾಮಿಯವರು ಬೇಗ ಬಾಯಿ ಹಾಕಿದರು. “ಅದಕ್ಕೆಲ್ಲ ವ್ಯವಸ್ಥೆ ಇದೆ ಮೇಡಂ, ನಮ್ಮ ಹುಡುಗ್ರು...”

“ಇಲ್ಲ ಮೇಡಂ,” ಎಂದಳು ಶಿಲ್ಪಶ್ರೀ. “ಆಗ್ಲೂ ಇನ್ನೊಂದ್ ಬತ್ತದೆ ಅಂತಾನೇ ಅನ್ನುತ್ತೆ. ಸುಳ್ಳು ಹೇಳುತ್ತೆ. ನನಗೆ ಹೊಳೀಲೇ ಇಲ್ಲ.”

ಸಿದ್ದಲಿಂಗಸ್ವಾಮಿ ಕಣ್ಣು ಮುಚ್ಚಿಕೊಂಡರು. ಲೇಬಲ್ಲಿನ ಮೇಜು, ಅದರ ಮೇಲಿನ ‘ಮುಟ್ಟಬೇಡಿ’ ಶಿಲ್ಪಶ್ರೀಯ ಕಣ್ಣಮುಂದೆ ಬಂದು ನಿಂತವು.

“ಹಾಗಾದ್ರೆ ಏನ್ ಹೇಳ್ಬೇಕು ಅದು?” ಎಂದರು ಗಿರಿಜಾಂಬಾ.

“ನನಗೆ ಗೊತ್ತಿಲ್ಲ. ಒಂದ್ ನಿಮಿಷ ಇರಿ.” ಅವಳು ಜನರ ಕಡೆ ತಿರುಗಿದಳು. ಹೇಗಿದೆ ಎಂದು ಕೇಳಲಿಲ್ಲ. “ಅಣ್ಣಾ, ಅಮ್ಮಾ, ಯಾವತ್ತೋ ಒಂದಿನ ಕೊನೇ ಬಸ್ಸು ತಪ್ಪೋಗಿರುತ್ತಲ್ಲ, ಅವತ್ತು ಏನಾಯ್ತು ಹೇಳಿ!”

ಕಟ್ಟೆ ಒಡೆದಂತಾಯಿತು. ಒಬ್ಬಳು ಅಂಗಡಿ ಜಗುಲಿಯ ಮೇಲೆ ಕೂತಿದ್ದಳಂತೆ, ಇನ್ನೊಬ್ಬ ನಡೆದೇ ಹೋಗಿದ್ದನಂತೆ. “ಬಸ್ಸು ಓದ್ಮೇಲೆ ಓಯ್ತು ಅಂದ್ರೆ ಏನ್ ಬಂತು? ಒರಡೋಕ್ ಮುಂಚೆನೇ ಕೂಗ್ ಆಕ್ಬೇಕು, ಬನ್ರಪ್ಪೋ ಇದೇ ಕೊನೇದು ಅಂತ!” ಎಂದಳು ಸಾಕಮ್ಮ. “ಯಾರೂ ಮುಟ್ಟದಿದ್ರೂ ಕೂಗ್ಬೇಕಾ?” ಎಂದಳು ಶಿಲ್ಪಶ್ರೀ. “ಮತ್ತೆ! ಮುಟ್ಟೋವರ್ಗೂ ಕಾದ್ರೆ ಬಸ್ಸು ನಿಲ್ತದಾ?” ಎಂದ ಮಂಟಯ್ಯ. “ಅಕ್ಷರ ಇನ್ನೂ ಮೇಲೆ ಬರ್ಲಿ, ಬುಟ್ಟಿ ಹೊತ್ತೋರಿಗೆ ಕಾಣಾಕಿಲ್ಲ!” “ಸೌಂಡು ಸಾಲ್ದು!” “ಸೌಂಡು ಜಾಸ್ತಿ ಆಯ್ತು ಕಣ್ರೀ!” ಒಬ್ಬರ ಮಾತಿನ ಮೇಲೊಬ್ಬರು. ಯಂತ್ರದ ಬಳಿಯಿಂದ ಯಾರೂ ಕದಲಲೊಲ್ಲರು.

ಗಿರಿಜಾಂಬಾ ಏನೋ ಹೇಳಿದರು. ಗದ್ದಲದಲ್ಲಿ ಕೇಳಿಸಲಿಲ್ಲ. ಕೊಡೆಯ ತುದಿಯಿಂದ ನೆಲ ಕುಟ್ಟಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು: “ಇಲ್ಲೇ ಇರ್ಲಿ ಸ್ವಾಮಿಯವ್ರೇ. ಇಷ್ಟೊಂದ್ ಜಗಳ ಆಡ್ತಾರೆ ಅಂದ್ರೆ ಇದು ಅವರದ್ದೇ ಆಯ್ತು. ಸರಿ ಮಾಡ್ಸಿ.”

ಸಿದ್ದಲಿಂಗಸ್ವಾಮಿ ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. “ಅಮರೇಶಾ,” ಎಂದರು ಮೆಲ್ಲಗೆ, “ಲೇಬಲ್ಲು ಬರೆಯೋಕೆ ಬೇರೆ ಯಾರಾದ್ರೂ ಇದ್ರೆ ನೋಡಪ್ಪ.”

ಶಿಲ್ಪಶ್ರೀಗೆ ಅದು ಕೇಳಿಸಲೇ ಇಲ್ಲ. ಅವಳು ಗುಂಪಿನ ನಡುವೆ ಮಂಟಯ್ಯನನ್ನು ಹಿಡಿದು ನಿಲ್ಲಿಸಿಕೊಂಡಿದ್ದಳು.

“ಎಷ್ಟ್ ಮುಂಚೆ ಕೂಗ್ಬೇಕಣ್ಣ?”

“ಎಷ್ಟ್ ಅಂದ್ರೆ... ಒಂದ್ ಟೀ ಕುಡ್ದು ಮುಗ್ಸೋಷ್ಟು.”

“ಬೈಟೂನಾ, ಫುಲ್ಲಾ?”