ಗಿರಿಯ ಪಾಲಿನ ಕಾಫಿ

ಮೂಡಲಪಾಳ್ಯದ ಆ ಮನೆಯಲ್ಲಿ ಒಡೆಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಟೀವಿ ಹೋಗಿ ತಿಂಗಳಾಗಿತ್ತು. ಗೋಡೆಯ ಕನ್ನಡಿ, ದೇವರ ಫೋಟೋಗಳ ಗಾಜು, ಮನೆಯ ಯಜಮಾನ ಅಂಜಿನಯ್ಯನ ಕನ್ನಡಕ, ಎಲ್ಲವೂ ಸರದಿಯ ಮೇಲೆ ಚೂರಾದವು. ಸಾಮಾನು ಮುಗಿದ ಮೇಲೆ ಮನುಷ್ಯರ ಸರದಿ. ಹೋದ ವಾರ ಮಗ ವೆಂಕಟಗಿರಿ ಹೆತ್ತಪ್ಪನನ್ನೇ ಗೋಡೆಗೆ ಒತ್ತಿ ಹಿಡಿದು, ಸ್ಪ್ಯಾನರ್ ತೆಗೆದು ಬಾಯಿಗೆ ಬಾರಿಸಿ ಮುಂದಿನ ಹಲ್ಲು ಉದುರಿಸಿದ್ದ. ಅಂಜಿನಯ್ಯ ಹೆಗ್ಗನಹಳ್ಳಿಯ ಲೇತ್ ವರ್ಕ್‌ಶಾಪಿನಲ್ಲಿ ದುಡಿದು ಗಟ್ಟಿಯಾದ ಆಳು. ಮನಸ್ಸು ಮಾಡಿದ್ದರೆ ಮಗನನ್ನು ಒಂದೇ ಏಟಿಗೆ ಮಲಗಿಸಬಹುದಿತ್ತು. ಮಾಡಲಿಲ್ಲ. ರಕ್ತ ಉಗಿದು, ಬಿದ್ದ ಹಲ್ಲನ್ನು ಹುಡುಕಿ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ.

ಗಿರಿ ಹೀಗಿರಲಿಲ್ಲ. ಕೇಬಲ್ ಎಳೆಯುವ ಕೆಲಸ, ಕೆಲಸ ಮುಗಿದರೆ ಕ್ರಿಕೆಟ್ಟು, ಅಕ್ಕ ಚೇತನಾಳ ಸ್ಕೂಟಿಯನ್ನು ಕದ್ದು ಓಡಿಸುವುದು, ಇಷ್ಟೇ ಅವನ ಪ್ರಪಂಚ. ದಸರಾ ಕಳೆದ ಮೇಲೆ ಒಂದು ದಿನ, ಕೇಬಲ್ ವೈರಿನೊಳಗೆ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ ಎಂದ. ನಿದ್ದೆ ಬಿಟ್ಟ. ಮಂಚದಡಿ ಹೋಗಿ ಮಲಗತೊಡಗಿದ. ಆದರೆ ಒಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಮನೆಯವರೆಲ್ಲ ಅದನ್ನು ಮರೆತಿದ್ದರು: ಆಗ ಅವನು ಯಾರ ಮೇಲೂ ಕೈ ಎತ್ತಿರಲಿಲ್ಲ. ಹೆದರಿದ್ದ, ಅಷ್ಟೇ.

ವಿಜಯನಗರದ ಮನೋರೋಗದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಾಗ ಆಕೆ ಎಲ್ಲ ಕೇಳಿ ಕೊನೆಗೆ, "ಮನೆತನದಲ್ಲಿ ಬೇರೆ ಯಾರಿಗಾದ್ರೂ ಹಿಂಗಾಗಿತ್ತಾ? ಯಾರಿಗಾದ್ರೂ ಔಷಧಿ ಒಗ್ಗದೆ ತೊಂದ್ರೆ ಆಗಿತ್ತಾ?" ಎಂದಿದ್ದರು. ಅಂಜಿನಯ್ಯ ಬಾಯಿ ತೆರೆದ. ಮೇಜಿನ ಕೆಳಗೆ ಅವನ ಹೆಂಡತಿ ಶಿವಕ್ಕ ಅವನ ಕಾಲನ್ನು ತುಳಿದಳು.

"ಯಾರಿಗೂ ಇಲ್ಲ ಮೇಡಂ. ನಮ್ಮ ವಂಶದಲ್ಲೇ ಇಲ್ಲ," ಎಂದಳು ಅವಳೇ.

ತುಳಿದದ್ದನ್ನು ಚೇತನಾ ನೋಡಿದಳು. ನೋಡಿ ಸುಮ್ಮನಾದಳು. ರಾಜಾಜಿನಗರದ ಹುಡುಗನ ಕಡೆಯವರು ಅವಳನ್ನು ಒಪ್ಪಿಕೊಂಡು ಹೋಗಿದ್ದ ವಾರ ಅದು. ಹುಚ್ಚಿನ ಮನೆತನ ಅಂದರೆ ಯಾರು ಹೆಣ್ಣು ತೆಗೆದುಕೊಳ್ಳುತ್ತಾರೆ? ಅಮ್ಮ ಮುಚ್ಚಿಡುತ್ತಿರುವುದು ತನಗಾಗಿ ಎಂದು ಅವಳಿಗೆ ಗೊತ್ತಿತ್ತು. ಏನನ್ನು ಎಂದು ಮಾತ್ರ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಗಿರಿ ಮಾತ್ರೆ ನುಂಗುವುದಿಲ್ಲ ಎಂದಿದ್ದಕ್ಕೆ ಡಾಕ್ಟರಮ್ಮ ಹನಿ ಔಷಧಿ ಬರೆದುಕೊಟ್ಟರು. ಬಣ್ಣವಿಲ್ಲ, ವಾಸನೆಯಿಲ್ಲ. ಶಿವಕ್ಕ ಅದನ್ನು ಮಗನ ಕಾಫಿಗೆ ಹಾಕತೊಡಗಿದಳು. ಸಕ್ಕರೆ ಡಬ್ಬದ ಹಿಂದೆ ಬಾಟಲಿ ಅಡಗಿಸುವುದು, ಸೆರಗು ಮರೆ ಮಾಡಿ ಹನಿ ಬಿಡುವುದು, ರುಚಿ ಕೆಟ್ಟಿಲ್ಲವಲ್ಲ ಎಂದು ತಾನೇ ಒಂದು ಗುಟುಕು ನೋಡುವುದು, ಒಂದನ್ನೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಈ ಕಸುಬು ಅಮ್ಮನಿಗೆ ಎಲ್ಲಿಂದ ಬಂತೋ ಎಂದು ಚೇತನಾ ಬೆರಗಾಗಿದ್ದಳು.

ಆಮೇಲೆ ಶುರುವಾಯಿತು ನೋಡಿ. ಗಿರಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ನಡುಮನೆಯಲ್ಲಿ ನಿಂತು ಎರಡೂ ಕಾಲಿನಲ್ಲಿ ಮಣ್ಣು ತುಳಿಯುವವನ ಹಾಗೆ ನೆಲ ತುಳಿಯುವುದು, ಬಾಗಿಲಿಗೆ ಹೋಗುವುದು, ಬರುವುದು, ಅಡ್ಡ ಬಂದದ್ದನ್ನು ಒಡೆಯುವುದು, ಅಡ್ಡ ಬಂದವರನ್ನು ಹೊಡೆಯುವುದು. ರೋಗ ಬಲಿತಿದೆ ಎಂದರು ಎಲ್ಲರೂ. ಡಾಕ್ಟರ ಹತ್ತಿರ ಶಿವಕ್ಕ ಒಬ್ಬಳೇ ಹೋಗಿ ಜಾಸ್ತಿಯಾಗಿದೆ ಎಂದು ಹೇಳಿ ಬರುತ್ತಿದ್ದಳು. ಅವರೂ ಹನಿ ಏರಿಸಿದರು. ಇವಳೂ ತನ್ನ ಕೈಯಿಂದ ಇನ್ನಷ್ಟು ಸೇರಿಸಿದಳು. ಮಗ ಹೊಡೆದ ದಿನ ಒಂದಿಷ್ಟು ಹೆಚ್ಚು, ಬಾಗಿಲು ಮುರಿದ ದಿನ ಇನ್ನಿಷ್ಟು.

ಕೊನೆಗೆ ಶಿವಕ್ಕನ ತಮ್ಮ, ಟೆಂಪೋ ಓಡಿಸುವ ಬಸಪ್ಪ, ಒಂದು ದಾರಿ ಹೇಳಿದ. ಮಾಗಡಿಯ ಆಚೆ ಒಂದು ಜಾಗವಿದೆ. ಕಾಲಿಗೆ ಸರಪಳಿ ಹಾಕುತ್ತಾರೆ, ದಿನಾ ಬೆತ್ತದಿಂದ ಹೊಡೆದು ಗಾಳಿ ಬಿಡಿಸುತ್ತಾರೆ, ಗಾಳಿ ಇಳಿದವರು ಮನೆಗೆ ಬರುತ್ತಾರೆ. ಇಳಿಯದವರ ಸುದ್ದಿಯನ್ನು ಅವನು ಎತ್ತಲಿಲ್ಲ. ಶನಿವಾರ ಸಂಜೆ ಬಂದು ಎತ್ತಿಕೊಂಡು ಹೋಗುವುದೆಂದು ಮಾತಾಯಿತು. ಚೇತನಾಳೂ ಹೂಂ ಎಂದಳು. ಅವಳ ಮೊಣಕೈ ಮೇಲೆ ಗಿರಿ ಕಚ್ಚಿದ ಗಾಯ ಇನ್ನೂ ಕೀವಾಡುತ್ತಿತ್ತು. ಮನುಷ್ಯರಿಗೆ ಸಾಕಾಗುತ್ತದೆ.

ಆ ಶನಿವಾರ ಬೆಳಿಗ್ಗೆ ಅಮ್ಮ ಕೊಟ್ಟ ಲೋಟವನ್ನು ಅವಳೇ ಗಿರಿಯ ಮುಂದೆ ಇಟ್ಟಳು. ಅವನು ಲೋಟ ನೋಡಿದ, ಅವಳನ್ನು ನೋಡಿದ. ಫಕ್ಕನೆ ಅವಳ ಜಡೆ ಹಿಡಿದು ತಲೆಯನ್ನು ಹಿಂದಕ್ಕೆ ಎಳೆದ.

"ನೀನ್ ಕುಡಿ ಮೊದ್ಲು."

"ಬಿಡೋ, ನಂದು ಆಯ್ತು ಕಣೋ..."

"ಕುಡೀತೀಯೋ, ಕತ್ತು ಮುರೀಲೋ?"

ಬೇಡ ಎಂದರೆ ಗುಟ್ಟು ರಟ್ಟಾಗುತ್ತದೆ. ಹೆಚ್ಚೆಂದರೆ ಏನಾದೀತು, ನಿದ್ದೆ ಬಂದೀತು ಎಂದುಕೊಂಡಳು. ಅವನು ಲೋಟವನ್ನು ಹಲ್ಲಿಗೆ ಒತ್ತಿ ಪೂರ್ತಿ ಕುಡಿಸಿದ. ತುಟಿ ಒಡೆದು ಕಾಫಿಗೆ ರಕ್ತ ಬೆರೆಯಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶಿವಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ನೋಡುತ್ತಲೇ ಇದ್ದಳು.

ಆರ್‌ಪಿಸಿ ಲೇಔಟಿನ ಖಾಸಗಿ ಶಾಲೆಯೊಂದರಲ್ಲಿ ಚೇತನಾ ಮೂರನೇ ಕ್ಲಾಸಿನ ಮಿಸ್ಸು. ಮಕ್ಕಳನ್ನು ಗದರದ ಮಿಸ್ಸು ಎಂದು ಹೆಡ್‌ಮಿಸ್ ಹತ್ತಿರ ಬೈಸಿಕೊಂಡವಳು. ಎರಡನೇ ಪೀರಿಯಡ್ ಹೊತ್ತಿಗೆ ಅವಳಿಗೆ ಕುರ್ಚಿ ಬೇಡವಾಯಿತು. ಎದ್ದಳು. ನಿಂತದ್ದೂ ಬೇಡವಾಯಿತು. ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಬೋರ್ಡಿಗೆ ನಡೆದಳು. ಮೂಳೆಯೊಳಗೆ ಇರುವೆ ಹರಿದ ಹಾಗೆ. ತೊಡೆಯಲ್ಲಿ, ಮೊಣಕಾಲಲ್ಲಿ, ಎದೆಯಲ್ಲಿ, ಎಲ್ಲಿಯೂ ನಿಲ್ಲದ ಒಂದು ಉರಿ. ದವಡೆ ಬಿಗಿಯಿತು. ತನ್ನ ಚರ್ಮವನ್ನೇ ಹರಿದು ಆಚೆ ಬರಬೇಕು ಅನ್ನಿಸಿತು. ಇಲ್ಲದಿದ್ದರೆ ಯಾರದಾದರೂ ಚರ್ಮವನ್ನು ಹರಿಯಬೇಕು.

"ಮಿಸ್, ನಂದು ಮಗ್ಗಿ ಆಯ್ತು ಮಿಸ್," ಎಂದು ಇಂಚರಾ ಎಂಬ ಹುಡುಗಿ ಸೀರೆಯ ನೆರಿಗೆ ಹಿಡಿದು ಎಳೆದಳು.

ಮರದ ಸ್ಕೇಲ್ ಯಾವಾಗ ಕೈಗೆ ಬಂತೋ. ಇಂಚರಾಳ ಕೈ ಮೇಲೆ ಹೊಡೆದಳು, ಭುಜದ ಮೇಲೆ ಹೊಡೆದಳು. ಸ್ಕೇಲ್ ಮುರಿಯಿತು, ಉಳಿದ ತುಂಡಿನಿಂದಲೇ ಹೊಡೆದಳು. ಹೊಡೆಯುವಷ್ಟು ಹೊತ್ತು ಮೂಳೆಯೊಳಗಿನ ಇರುವೆ ಸುಮ್ಮನಿತ್ತು, ಅದೇ ಭಯಂಕರ. ಮಗು ಅಳಲಿಲ್ಲ. ಕಣ್ಣು ಅಗಲಿಸಿ ನೋಡಿತು. ಆ ನೋಟ ಚೇತನಾಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ತಿಂಗಳಿನಿಂದ ಗಿರಿಯನ್ನು ತಾನು ನೋಡುತ್ತಿದ್ದದ್ದು ಹಾಗೆಯೇ.

ಸ್ಕೇಲ್ ಬಿತ್ತು. ಕೆಳಗೆ ನೋಡಿದರೆ ಅವಳ ಕಾಲುಗಳು ನಿಂತಲ್ಲೇ ನೆಲ ತುಳಿಯುತ್ತಿದ್ದವು. ಎಡ, ಬಲ, ಎಡ, ಬಲ. ಗಿರಿಯ ಕಾಲೇ. ರೋಗವಲ್ಲ, ಕಾಫಿ. ಇದನ್ನು ಒಳಗಿಟ್ಟುಕೊಂಡು ಅವನು ಎರಡು ತಿಂಗಳು ಬದುಕಿದ್ದಾನೆ. ನಾವು ಹೊತ್ತು ಹೊತ್ತಿಗೆ ಕುಡಿಸಿದ್ದೇವೆ. ಸಂಜೆ ಅವನನ್ನು ಸರಪಳಿಗೆ ಕೊಡುತ್ತಿದ್ದೇವೆ!

ಬಿಕ್ಕತೊಡಗಿದ್ದ ಇಂಚರಾಳನ್ನು ಪಕ್ಕದ ಕ್ಲಾಸಿನ ಮಿಸ್ಸಿನ ತೆಕ್ಕೆಗೆ ಕೊಟ್ಟು, "ಕ್ಷಮಿಸ್ಬಿಡು ಪುಟ್ಟಿ," ಎಂದವಳೇ ಓಡಿದಳು. ಆಟೋದಲ್ಲಿ ಕೂರುವುದು ಸಾಧ್ಯವೇ ಇರಲಿಲ್ಲ. ಮೂಡಲಪಾಳ್ಯದವರೆಗೂ ಕಾಲಲ್ಲೇ ಬಂದಳು. ಕತ್ತು ಒಂದು ಕಡೆಗೆ ಎಳೆಯುತ್ತಿತ್ತು.

ಬಸಪ್ಪ ಸಂಜೆಯವರೆಗೆ ಕಾದಿರಲಿಲ್ಲ. ಟೆಂಪೋ ಬಾಗಿಲಲ್ಲೇ ನಿಂತಿತ್ತು, ಬೀದಿಯವರೆಲ್ಲ ಕಾಂಪೌಂಡಿನ ಮೇಲೆ. ಅಂಗಳದಲ್ಲಿ ಗಿರಿ ಮುಖ ಅಡಿಯಾಗಿ ಬಿದ್ದಿದ್ದ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಅವನ ಕೈಗಳನ್ನು ಬೆನ್ನಿಗೆ ಬಿಗಿದಿತ್ತು. ಬಸಪ್ಪನ ಮೊಣಕಾಲು ಅವನ ಕತ್ತಿನ ಮೇಲೆ. ಟೆಂಪೋ ಸ್ಟ್ಯಾಂಡಿನಿಂದ ಕರೆತಂದಿದ್ದ ಇಬ್ಬರಲ್ಲಿ ಒಬ್ಬನ ಮುಂಗೈ ರಕ್ತ ಸುರಿಸುತ್ತಿತ್ತು. ಅವನು ಆ ಸಿಟ್ಟಿಗೆ ಗಿರಿಯ ಪಕ್ಕೆಗೆ ಬೂಟುಗಾಲಿನಿಂದ ಒದೆಯುತ್ತಿದ್ದ. ಒಳಗೆ ಏನೋ ಲಟಕ್ಕೆಂದದ್ದು ಗೇಟಿನವರೆಗೂ ಕೇಳಿತು.

"ಬಿಡಿ ಮಾವ! ಅವನ್ದಲ್ಲ ತಪ್ಪು, ಔಷಧಿದು! ನಾನೂ ಕುಡ್ದಿದೀನಿ, ನನಗೂ ಆಗ್ತಾ ಇದೆ!"

"ಹೋಗೇ ಆ ಕಡೆ," ಎಂದು ಬಸಪ್ಪ ಅವಳನ್ನು ತಳ್ಳಿದ.

ತಳ್ಳಬಾರದಿತ್ತು. ಅವಳು ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದಳು. ಬೀಸಿದ ಮೊದಲ ಏಟಿಗೆ ಬಸಪ್ಪನ ಹುಬ್ಬು ಸೀಳಿತು. ಎರಡನೆಯದು ಒದೆಯುತ್ತಿದ್ದವನ ಮಂಡಿಗೆ ಬಿತ್ತು. ಬಸಪ್ಪ ಕೈ ಅಡ್ಡ ಹಿಡಿದ, ಬೆರಳಿಗೆ ಹೊಡೆದಳು. ಕೂತ, ಬೆನ್ನಿಗೆ ಹೊಡೆದಳು. ಶಿವಕ್ಕ "ಅಯ್ಯೋ, ನನ್ನ ತಮ್ಮನ್ನ ಸಾಯಿಸ್ತಾಳಲ್ಲಪ್ಪೋ!" ಎಂದು ಅರಚಿದಳು. ಸಾಯಿಸುತ್ತಿದ್ದಳೇನೋ, ಯಾರಿಗೆ ಗೊತ್ತು. ನಿಲ್ಲಿಸಬೇಕೆಂದು ಅವಳಿಗೇ ಇತ್ತು. ಕೈ ಕೇಳುತ್ತಿರಲಿಲ್ಲ.

"ಅಕ್ಕಾ."

ನೆಲದಿಂದ ಬಂದ ದನಿ. ಗಿರಿ ಕೆನ್ನೆಯನ್ನು ಮಣ್ಣಿಗೆ ಒತ್ತಿಕೊಂಡೇ ಅವಳ ಕಾಲುಗಳನ್ನು ನೋಡುತ್ತಿದ್ದ. ಎಡ, ಬಲ, ಎಡ, ಬಲ.

"ಅಕ್ಕಾ, ನಿಂಗೂ ಹಾಕಿದ್ರಾ?"

ಅವಳು ಲಟ್ಟಣಿಗೆ ಬಿಟ್ಟಳು. ಅವನ ಪಕ್ಕ ಕುಸಿಯಹೋದಳು.

"ಕೂತ್ಕೋಬೇಡ," ಎಂದ ಗಿರಿ, ಬಾಯಿಂದ ಮಣ್ಣು, ರಕ್ತ ಉಗಿಯುತ್ತ. "ಕೂತ್ರೆ ಜಾಸ್ತಿ ಆಗತ್ತೆ ಕಣೇ. ನಡೀತಾ ಇರು."

ಅಲ್ಲಿಯವರೆಗೆ ಬಾಗಿಲಿಗೆ ಒರಗಿ ಸತ್ತವನ ಹಾಗೆ ನಿಂತಿದ್ದ ಅಂಜಿನಯ್ಯ ಮಗಳ ಕಾಲು ನೋಡಿದ, ಮಗನ ಕಾಲು ನೋಡಿದ. ಆ ಕಾಲುಗಳೂ ಮಲಗಿದಲ್ಲೇ ತುಳಿಯುತ್ತಿದ್ದವು. ಅಂಜಿನಯ್ಯ ಕುಡುಗೋಲು ತಂದು ಹಗ್ಗ ಕೊಯ್ದ.

"ಭಾವ, ಏನ್ಮಾಡ್ತಾ ಇದೀರಾ? ಅವ್ನು ಎಲ್ರನ್ನೂ ಕೊಂದ್ಹಾಕ್ತಾನೆ!" ಎಂದ ಬಸಪ್ಪ, ಹುಬ್ಬು ಒತ್ತಿಕೊಂಡು.

"ಈರನೂ ಹಿಂಗೇ ತುಳೀತಿದ್ದ." ಅಂಜಿನಯ್ಯ ಬೀದಿಗೆಲ್ಲ ಕೇಳುವಂತೆ ಹೇಳಿದ. "ನನ್ನ ತಮ್ಮ ಈರಪ್ಪ. ಹಿಂಗೇ. ನಾನೇ ಕಂಬಕ್ಕೆ ಕಟ್ಟಿ ಬೆಲ್ಟಲ್ಲಿ ಬಡಿದೆ. ಬಿಚ್ಚಿಕೊಂಡು ಹೋಗಿ ಕೆಂಗೇರಿ ಹಳಿ ಮೇಲೆ ಮಲಗ್ದ. ಗೋಣೀಚೀಲದಲ್ಲಿ ತಂದ್ವಿ ಅವನನ್ನ. ಇನ್ನೊಬ್ಬನ್ನ ತರಲ್ಲ ನಾನು."

ರೈಲ್ವೆ ಗೇಟಿನಲ್ಲಿ ಆಕ್ಸಿಡೆಂಟ್ ಆಗಿ ತೀರಿಕೊಂಡ ಚಿಕ್ಕಪ್ಪ ಎಂದಷ್ಟೇ ಚೇತನಾ ಕೇಳಿದ್ದಳು. ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಅದೇ ಟೆಂಪೋ ವಿಜಯನಗರಕ್ಕೆ ಹೋಯಿತು. ಹುಬ್ಬಿಗೆ ಟವೆಲ್ ಕಟ್ಟಿಕೊಂಡು ಬಸಪ್ಪನೇ ಓಡಿಸಿದ, ಆ ಮಟ್ಟಿಗೆ ಮನುಷ್ಯ. ಹಿಂದುಗಡೆ ಅಕ್ಕ ತಮ್ಮ ಕಂಬಿಗೆ ಒರಗಿ ನಿಂತು ತುಳಿಯುತ್ತ ಹೋದರು. ಗಿರಿ ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡಿದ್ದ. ಇನ್ನೊಂದು ಕೈಯಲ್ಲಿ, ಗಾಡಿ ಓಲಾಡಿದಾಗ ಬೀಳದಂತೆ, ಅವಳ ತೋಳು ಹಿಡಿದಿದ್ದ.

ಡಾಕ್ಟರಮ್ಮ ಇಬ್ಬರ ಕಾಲನ್ನೂ ಒಮ್ಮೆ ನೋಡಿದ್ದೇ ತಡ, ಮಾತಿಲ್ಲದೆ ಇಂಜೆಕ್ಷನ್ ತರಿಸಿ ಇಬ್ಬರಿಗೂ ಚುಚ್ಚಿದರು. ಇರುವೆ ಇಳಿಯುವವರೆಗೆ ಅಂಜಿನಯ್ಯ ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ಕಾರಿಡಾರಿನಲ್ಲಿ ಜೊತೆಗೇ ನಡೆದ. ಒಳಗೆ ಶಿವಕ್ಕ ಕುರ್ಚಿಯ ತುದಿಯಲ್ಲಿ. ಚೇತನಾ ಅವಳ ಹಿಂದೆ, ನಿಂತೇ.

"ಔಷಧಿ ಕೆಟ್ಟದ್ದಲ್ಲಮ್ಮ," ಎಂದರು ಡಾಕ್ಟರಮ್ಮ. "ಎಷ್ಟೋ ಜನಕ್ಕೆ ಇದೇ ಜೀವ ಉಳಿಸಿದೆ. ಕೆಲವು ಮನೆತನದವರ ಮೈಯಲ್ಲಿ ಇದು ಬೇಗ ಕರಗಲ್ಲ, ಸೇರ್ಕೊಂಡು ವಿಷ ಆಗತ್ತೆ. ಮೂಗು, ಮೈಬಣ್ಣ ಹೆಂಗೆ ತಂದೆ ತಾಯಿಂದ ಬರತ್ತೋ ಹಂಗೆ ಇದೂ ಬರಬಹುದು. ಆ ಕಾಯಿಲೆನೂ ಅಷ್ಟೇ, ರಕ್ತದಲ್ಲಿ ಬರಬಹುದು. ಬೇರೆ ಔಷಧಿ ಇದೆ, ಕೊಡ್ತೀನಿ, ಹುಡುಗ ಹುಷಾರಾಗ್ತಾನೆ. ನಾನೂ ಅವನನ್ನ ಕಣ್ಣಾರೆ ನೋಡ್ದೆ ಏರಿಸ್ಬಾರದಿತ್ತು. ಆದ್ರೆ ನಾನು ಮೊದಲನೇ ದಿನವೇ ಕೇಳಿದ್ದೆ. ಈಗ್ಲೂ ಕೇಳ್ತೀನಿ. ಮನೇಲಿ ಬೇರೆ ಯಾರಿಗಾದ್ರೂ?"

ಶಿವಕ್ಕ ತಿರುಗಿ ಮಗಳ ಮುಖ ನೋಡಿದಳು. ರಾಜಾಜಿನಗರದ ಹುಡುಗ, ಛತ್ರ, ಒಡವೆ, ಎಲ್ಲವೂ ಆ ನೋಟದಲ್ಲಿತ್ತು. ಚೇತನಾಳಿಗೆ ಅಮ್ಮನ ಮೇಲೆ ಉರಿಯುವ ಸಿಟ್ಟು ಬಂತು. ಈ ಸಿಟ್ಟು ಔಷಧಿಯದಲ್ಲ, ಅವಳದೇ.

"ನನ್ನ ಮುಖ ಯಾಕೆ ನೋಡ್ತೀಯ? ಹೇಳಮ್ಮ."

ಶಿವಕ್ಕ ಡಾಕ್ಟರಮ್ಮನ ಕಡೆ ತಿರುಗಿದಳು. "ಇದ್ದ ಮೇಡಂ. ನನ್ನ ಮೈದುನ, ಈರಪ್ಪ ಅಂತ. ಅತ್ಗೆ ಅತ್ಗೆ ಅಂತ ಅಡುಗೆಮನೇಲೇ ಇರ್ತಿದ್ದ, ಮದುವೆಯಾಗಿ ಬಂದಾಗ ನಂಗೆ ಆ ಮನೇಲಿ ಅವನೊಬ್ಬನೇ ದಿಕ್ಕು." ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, ಅದು ಬೇರೆ ಯಾರದೋ ಅನ್ನುವ ಹಾಗೆ ನೋಡಿದಳು. "ಅವನ ಕಾಫಿಗೂ ನಾನೇ ಹಾಕ್ತಾ ಇದ್ದಿದ್ದು."