ನಲ್ಲಿ ಸೋರುವ ಹಾಡು

ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಿಂದ ಹೆಸರು ಬರೆಯುವುದು ಅವಳ ಕೆಲಸ. ಹಾಗಾಗಿ ಬೀದಿಗೆಲ್ಲ ಅವಳು ಕೇಕಿನಕ್ಕ. ದಿನವಿಡೀ ಕೈಯಲ್ಲಿ ಯಾರ್ಯಾರದೋ ಹೆಸರು, ಬಾಯಲ್ಲಿ ಮಾತ್ರ ಒಬ್ಬಳದೇ ಹಾಡು. ಆ ಹಾಡುಗಾರ್ತಿ ತಾನೇ ಬರೆದು, ತಾನೇ ಗಿಟಾರ್ ಹಿಡಿದು ಹಾಡುವವಳು. ದನಿ ನೆಗಡಿ ಹಿಡಿದವರ ಹಾಗೆ ಗೊಗ್ಗರು. "ನಿನ್ನ ಗೊಗ್ಗರಕ್ಕ" ಅಂತಲೇ ಗಂಡ ರೇಗಿಸುವುದು.

ಗೊಗ್ಗರಕ್ಕ ಊರಿನ ಟೌನ್‌ಹಾಲಿನಲ್ಲಿ ಹಾಡಲು ಬರುತ್ತಾಳೆಂದು ಗೊತ್ತಾದಾಗ ಕೇಕಿನಕ್ಕನಿಗೆ ಮೊದಲು ನೆನಪಾದದ್ದು ನಾದಿನಿ. ಇವಳು ಮದುವೆಯಾಗಿ ಬಂದ ಹೊಸತರಲ್ಲಿ ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗೆ, ಇನ್ನೊಂದನ್ನು ಅತ್ತಿಗೆಯ ಕಿವಿಗೆ ಸಿಕ್ಕಿಸಿ ಈ ಹುಚ್ಚು ಹಿಡಿಸಿದವಳೇ ಅವಳು. ಈಗ ಇಬ್ಬರಿಗೂ ಮಾತಿಲ್ಲ. ಅತ್ತೆ ತೀರಿಕೊಂಡ ಮೇಲೆ ಅವರ ಹೊಲಿಗೆ ಮೆಷಿನ್ನನ್ನು ನಾದಿನಿ ಒಂದು ಮಾತೂ ಕೇಳದೆ ವ್ಯಾನಿಗೆ ಹಾಕಿಕೊಂಡು ಹೋಗಿದ್ದಳು. ಇವಳು ಮುಖ ಊದಿಸಿಕೊಂಡಳು, ಅವಳೂ ಊದಿಸಿಕೊಂಡಳು.

"ತಂಗಿಯೂ ಬಂದೇ ಬರ್ತಾಳೆ ನೋಡು," ಅಂದ ಗಂಡ.

"ಬರಲಿ. ಟೌನ್‌ಹಾಲೇನು ನಮ್ಮಪ್ಪಂದಾ?"

ಹಾಲಿನಲ್ಲಿ ಕೂತ ಕೂಡಲೇ, ಮೂರು ಸಾಲು ಮುಂದೆ, ಕೂದಲಿಗೆ ಪೆನ್ಸಿಲ್ ಚುಚ್ಚಿ ಗಂಟು ಹಾಕಿದ ತಲೆಯೊಂದು ಕಂಡಿತು. ಮನೆಗಳ ನಕ್ಷೆ ಬರೆಯುವ ನಾದಿನಿಯನ್ನು ಬಿಟ್ಟರೆ ಇನ್ಯಾರು? ಗೊಗ್ಗರಕ್ಕ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಪಕ್ಕದ ಮನೆಯವಳ ಹಾಗೆ ಆರಾಮಾಗಿ ಹಾಡತೊಡಗಿದಳು. ಕೇಕಿನಕ್ಕ ವರ್ಷಗಟ್ಟಲೆ ಕಾದ ಗಳಿಗೆ. ಆದರೆ ಕಣ್ಣು ಮಾತ್ರ ಆ ಪೆನ್ಸಿಲ್ ಬಿಟ್ಟು ಕದಲಲಿಲ್ಲ. ನಾಲ್ಕು ಹಾಡು ಒಂದು ಕಿವಿಯಿಂದ ಬಂದು ಇನ್ನೊಂದು ಕಿವಿಯಿಂದ ಹೋದವು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಬಿಡುವಿನಲ್ಲಿ ಕಾಫಿಯ ಸಾಲಿನಲ್ಲಿ ಇವಳೇ ಹೋಗಿ ಹಿಂದೆ ನಿಂತಳು.

"ಮೆಷಿನ್ ಚೆನ್ನಾಗಿ ಓಡ್ತಿದೆಯಾ?"

ನಾದಿನಿ ಬೆಚ್ಚಿ ತಿರುಗಿದಳು. "ಎಲ್ಲಿ ಓಡುತ್ತೆ ಅತ್ತಿಗೆ! ನಂಗೆ ಗುಂಡಿ ಹಾಕೋಕೂ ಬರಲ್ಲ. ಸುಮ್ನೆ ಕಿಟಕಿ ಹತ್ರ ಇಟ್ಟಿದೀನಿ."

"ಒಂದು ಮಾತು ಕೇಳಿದ್ರೆ ನಾನೇ ಹೊತ್ಕೊಂಡು ಬಂದು ಕೊಡ್ತಿರಲಿಲ್ವಾ?"

"ಕೇಳಿದ್ರೆ ನೀವು ಅಳ್ತಿದ್ರಿ. ನೀವು ಅತ್ರೆ ನಾನು ಅಲ್ಲೇ ಬಿಟ್ಟು ಹೋಗಬೇಕಾಗ್ತಿತ್ತು." ನಾದಿನಿ ಲೋಟ ತಿರುಗಿಸುತ್ತಾ ನಿಂತಳು. "ಅಮ್ಮಂದು ಅಂತ ನಂಗೆ ಏನಾದ್ರೂ ಬೇಕಿತ್ತು. ನಿಮಗೆ ಆ ಮನೇನೇ ಇದೆ."

ಇದು ಕೇಕಿನಕ್ಕನಿಗೆ ಹೊಳೆದೇ ಇರಲಿಲ್ಲ. ಒಳಗೆ ಹೋದವಳೇ ನಾದಿನಿಯ ಪಕ್ಕ ಕೂತಿದ್ದ ಒಬ್ಬ ಗಡ್ಡದ ಹುಡುಗನನ್ನು ಪುಸಲಾಯಿಸಿ ಜಾಗ ಬದಲಿಸಿಕೊಂಡಳು.

ಕೊನೆಗೆ ಎಲ್ಲರೂ ಕೂಗಿ ಕೇಳುತ್ತಿದ್ದ ನಲ್ಲಿಯ ಹಾಡು ಬಂತು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಮಲಗಿದ ಹೆಣ್ಣು, ರಾತ್ರಿಯಿಡೀ ಸೋರುವ ನಲ್ಲಿಯನ್ನು ಯಾರದೋ ಹೆಜ್ಜೆಯೆಂದು ಆಲಿಸುವ ಹಾಡು. ಕೊನೆಯ ಚರಣಕ್ಕೆ ಇಬ್ಬರೂ ಕರ್ಚೀಫು ಸಿದ್ಧಮಾಡಿಕೊಂಡರು. ಗೊಗ್ಗರಕ್ಕ ತಂತಿಯ ಮೇಲೆ ಅಂಗೈ ಇಟ್ಟಳು.

"ಇದನ್ನ ಇಪ್ಪತ್ತನೇ ವಯಸ್ಸಲ್ಲಿ ಬರೆದೆ. ಕೊನೆಯ ಚರಣ ಈಗ ಬದಲಾಯಿಸಿದೀನಿ. ಬೈಬೇಡಿ."

ಹೊಸ ಚರಣದಲ್ಲಿ ಆ ಹೆಣ್ಣು ಎದ್ದು, ಅಂಗಡಿಗೆ ಹೋಗಿ, ಒಂದು ವಾಷರ್ ತಂದು, ನಲ್ಲಿ ರಿಪೇರಿ ಮಾಡಿ, ಗೊರಕೆ ಹೊಡೆಯುತ್ತಾ ನಿದ್ದೆಹೋದಳು. ಅರ್ಧ ಹಾಲು ನಕ್ಕಿತು, ಅರ್ಧ ಹಾಲು ಗೊಣಗಿತು. ಕೇಕಿನಕ್ಕ ನಗುತ್ತಾ ನಗುತ್ತಾ, ಯಾಕೆಂದು ತಿಳಿಯದೆ, ಆ ಕರ್ಚೀಫು ಒದ್ದೆ ಮಾಡಿಕೊಂಡಳು.

"ಹಾಳು ಮಾಡಿಬಿಟ್ಲು!" ಬಸ್‌ಸ್ಟಾಪಿನವರೆಗೂ ನಾದಿನಿಯದು ಅದೇ ರಾಗ. "ಎಂಥ ಹಾಡು! ವಾಷರ್ ಅಂತೆ!"

"ಪಾಪ, ಅವಳೂ ಒಂದಿನ ಮಲಗಬೇಡ್ವಾ? ಎಷ್ಟು ವರ್ಷ ಅಂತ ಸೋರುತ್ತೆ ಅದು?"

"ಸೋರ್ತಾನೇ ಇರಬೇಕು ಅತ್ತಿಗೆ, ಆಗಲೇ ಅದು ಹಾಡು!"

ವಾದ ಮುಗಿಯದೆ ಒಂದು ಬಸ್ಸು ಬಿಟ್ಟರು. ಮುಂದಿನದಕ್ಕೆ ಹತ್ತಿದ ನಾದಿನಿ ಕಿಟಕಿಯಿಂದ ತಲೆ ಹೊರಹಾಕಿ ಇನ್ನೂ ಏನೋ ಕೂಗುತ್ತಿದ್ದಳು. "ನಿಮ್ಮನೇ ನಲ್ಲಿ ಸೋರಲಿ ಬಿಡೇ!" ಅಂತ ಕೇಕಿನಕ್ಕ ಕೂಗಿದ್ದಕ್ಕೆ ಬಸ್ಸಿನವರೆಲ್ಲ ತಿರುಗಿ ನೋಡಿದರು.

ಭಾನುವಾರ ನಾದಿನಿ ಮನೆಗೆ ಬಂದಳು. ಮೆಷಿನ್ ತರಲಿಲ್ಲ. ಇವಳೂ ಕೇಳಲಿಲ್ಲ.